ತಗ್ಗಿನ ಮನೆಯಲ್ಲಿ ವೈಫೈ ಕಾಲಿಂಗ್: ಮೂರು ವರ್ಷ ಕಾದು, ಒಂದು ವರ್ಷ ಬಳಸಿದ ಮೇಲೆ

ತೀರ್ಥಹಳ್ಳಿ ತಾಲ್ಲೂಕಿನಲ್ಲಿರುವ ನಮ್ಮ ಮನೆಗೆ ಮೂರು ಕಡೆ ಗುಡ್ಡ, ಒಂದು ಕಡೆ ಅಡಿಕೆ ತೋಟ. ಜಂಬಿಟ್ಟಿಗೆಯ ದಪ್ಪ ಗೋಡೆ ಮಳೆಗಾಲದ ಥಂಡಿಯನ್ನು ತಡೆಯುವ ಹಾಗೆಯೇ ಮೊಬೈಲ್ ಸಿಗ್ನಲನ್ನೂ ತಡೆಯುತ್ತದೆ. ಗುಡ್ಡದಾಚೆ ಒಂದೇ ಒಂದು ಟವರಿದೆ. ಅದು ನಾನು ಹದಿನಾಲ್ಕು ವರ್ಷಗಳಿಂದ ಬಳಸುತ್ತಿರುವ ಕಂಪನಿಯದು. ಅಟ್ಟದ ಕಿಟಕಿಯ ಚೌಕಟ್ಟಿಗೆ ಅಪ್ಪಯ್ಯ ಒಂದು ಮೊಳೆ ಹೊಡೆದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಫೋನಿಟ್ಟು ಆ ಮೊಳೆಗೆ ನೇತು ಹಾಕಿದರೆ ಒಂದು ಕಡ್ಡಿ, ಅದೃಷ್ಟವಿದ್ದರೆ ಎರಡು ಕಡ್ಡಿ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿಂದ ತೆಗೆದು ಕಿವಿಗೆ ಹಿಡಿದ ಕೂಡಲೇ ಅದೂ ಹೋಗುತ್ತಿದ್ದುದರಿಂದ, ಸ್ಪೀಕರ್ ಹಾಕಿ ಮೊಳೆಯ ಕೆಳಗೆ ನಿಂತು ಕೂಗಿ ಮಾತನಾಡುವುದೇ ನಮಗೆ ರೂಢಿಯಾಗಿತ್ತು.

2020ರ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿನ ಕೆಲಸವನ್ನು ಕಂಪ್ಯೂಟರಿನ ಜೊತೆಗೇ ಹೊತ್ತು ಊರಿಗೆ ಬಂದವಳು ನಾನು. ಆ ದಿನಗಳಲ್ಲಿ ಆನ್‌ಲೈನ್ ತರಗತಿಗಾಗಿ ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತುತ್ತಿದ್ದುದನ್ನು ಎಲ್ಲರೂ ನೋಡಿದ್ದಾರೆ. ನಾನೂ ಲ್ಯಾಪ್‌ಟಾಪ್ ಹಿಡಿದು ಅದೇ ಗುಡ್ಡ ಹತ್ತಿದ್ದೇನೆ. 2021ರ ದೀಪಾವಳಿಯ ಹೊತ್ತಿಗೆ ನಮ್ಮೂರಿನ ಕೇಬಲ್‌ನವರು ಕರೆಂಟ್ ಕಂಬಗಳ ಮೇಲೆ ಫೈಬರ್ ಎಳೆದು ಮನೆಗೆ ಇಂಟರ್ನೆಟ್ ಕೊಟ್ಟರು. ಅಂದಿನಿಂದ ನನ್ನ ಕೆಲಸ ಸಲೀಸಾಯಿತು, ಆದರೆ ಫೋನು ಮಾತ್ರ ಮೊಳೆಯಿಂದ ಇಳಿಯಲಿಲ್ಲ. ಮನೆಯೊಳಗೆ ವೇಗದ ಇಂಟರ್ನೆಟ್ ಇದ್ದೂ, ಹತ್ತು ಅಂಕಿಯ ನನ್ನ ನಂಬರಿಗೆ ಯಾರಾದರೂ ಕರೆ ಮಾಡಿದರೆ 'ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ' ಎಂಬ ಉತ್ತರವೇ ಅವರಿಗೆ ಕೇಳಿಸುತ್ತಿತ್ತು.

ಈ ತೊಡಕಿಗೆ ಪರಿಹಾರ ಅಷ್ಟರಲ್ಲಾಗಲೇ ಬಂದಿತ್ತು. ವೈಫೈ ಕಾಲಿಂಗ್ ಎಂದರೆ ಇನ್ನೊಂದು ಆ್ಯಪ್ ಅಲ್ಲ. ಫೋನು ನಿಮ್ಮ ಮನೆಯ ಇಂಟರ್ನೆಟ್ ಮೂಲಕವೇ ಮೊಬೈಲ್ ಕಂಪನಿಯ ಒಳಜಾಲಕ್ಕೆ ಒಂದು ಸುರಕ್ಷಿತ ಸುರಂಗವನ್ನು ಕೊರೆಯುತ್ತದೆ, ಸಿಮ್ ಕಾರ್ಡಿನ ಗುರುತನ್ನೇ ತೋರಿಸಿ ಒಳಗೆ ಪ್ರವೇಶ ಪಡೆಯುತ್ತದೆ, ಅಲ್ಲಿಂದ ಮುಂದೆ ಕರೆಯೂ ಮೆಸೇಜೂ ನಿಮ್ಮ ಮಾಮೂಲಿ ನಂಬರಿನಲ್ಲೇ ಬರುತ್ತವೆ, ಹೋಗುತ್ತವೆ. ಟವರ್ ಮಾಡಬೇಕಾದ ಕೆಲಸವನ್ನು ಮನೆಯ ರೌಟರ್ ಮಾಡುತ್ತದೆ. ಇದು ಹೊಸ ತಂತ್ರಜ್ಞಾನವೂ ಅಲ್ಲ. ಅಮೆರಿಕದ ಟಿ-ಮೊಬೈಲ್ ಗ್ರಾಹಕರು 2014ರಲ್ಲಿ ಐಫೋನಿನಲ್ಲಿಯೂ, ಬ್ರಿಟನ್ನಿನ ಇಇ ಎಂಬ ಮೊಬೈಲ್ ಕಂಪನಿಯ ಗ್ರಾಹಕರು 2015ರಲ್ಲಿಯೂ ಇದನ್ನು ಬಳಸುತ್ತಿದ್ದರು. ನಮ್ಮಲ್ಲಿ ಇಂಟರ್ನೆಟ್ ಮೂಲಕ ದೂರವಾಣಿ ಸೇವೆ ಕೊಡುವ ಬಗ್ಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2017ರ ಅಕ್ಟೋಬರಿನಲ್ಲಿ ಶಿಫಾರಸು ಮಾಡಿತು, ದೂರಸಂಪರ್ಕ ಇಲಾಖೆ 2018ರ ಜೂನ್‌ನಲ್ಲಿ ಪರವಾನಗಿಯ ಷರತ್ತುಗಳನ್ನು ತಿದ್ದಿತು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ ದೆಹಲಿಯಿಂದ ಆರಂಭಿಸಿತು. ಜಿಯೋ 2020ರ ಜನವರಿಯಲ್ಲಿ ದೇಶದಾದ್ಯಂತ ಒದಗಿಸಿತು. ನಾನು ಗ್ರಾಹಕಳಾಗಿದ್ದ ಕಂಪನಿ ಈ ಎರಡೂ ಅಲ್ಲ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ.

ವಾಟ್ಸ್ಆ್ಯಪ್ ಕರೆ ಇರುವಾಗ ಇದಕ್ಕೇಕೆ ಇಷ್ಟು ಹಂಬಲ ಎಂದು ಹಲವರು ಕೇಳಿದ್ದಾರೆ. ಒಂದು ಮಧ್ಯಾಹ್ನದ ಸಂಗತಿ ಹೇಳುತ್ತೇನೆ. ಅಮ್ಮನ ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ ತೀರಾ ಇಳಿದಿದೆ, ಕೂಡಲೇ ಕರೆತನ್ನಿ ಎಂದು ಹೇಳಲು ಶಿವಮೊಗ್ಗದ ಆಸ್ಪತ್ರೆಯವರು ಆ ದಿನ ಐದು ಬಾರಿ ಕರೆ ಮಾಡಿದ್ದರು. ನಾನು ಫೈಬರ್ ಸಂಪರ್ಕವಿರುವ ಕೋಣೆಯಲ್ಲೇ ಕುಳಿತು ಕೆಲಸ ಮಾಡುತ್ತಿದ್ದೆ. ಸಂಜೆ ಫೋನನ್ನು ಮೊಳೆಗೆ ಹಾಕಿದ ಮೇಲೆ ತಪ್ಪಿದ ಕರೆಗಳ ಮೆಸೇಜು ಒಂದರ ಹಿಂದೆ ಒಂದರಂತೆ ಬಿದ್ದವು. ಆಸ್ಪತ್ರೆ, ಬ್ಯಾಂಕು, ಅಂಚೆಯವರು, ಗ್ಯಾಸ್ ಏಜೆನ್ಸಿ, ಮೆಸ್ಕಾಂ ಲೈನ್‌ಮ್ಯಾನ್, ಇವರ್ಯಾರೂ ಆ್ಯಪಿನಲ್ಲಿ ಕರೆ ಮಾಡುವುದಿಲ್ಲ. ಒಟಿಪಿ ಕೂಡ ಹೆಚ್ಚಾಗಿ ಎಸ್ಎಂಎಸ್ಸಿನಲ್ಲೇ ಬರುತ್ತದೆ. ಅಮ್ಮ ಗುಣವಾಗಿ ಮನೆಗೆ ಬಂದರು. ಆದರೆ ಆ ಐದು ಕರೆಗಳ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ನಾನು ಈಗಲೂ ಇಟ್ಟುಕೊಂಡಿದ್ದೇನೆ.

ಅದಾದ ಮರುದಿನದಿಂದ ನಾನು ಕಂಪನಿಯನ್ನು ಬಿಡದೆ ಕೇಳತೊಡಗಿದೆ. ಗ್ರಾಹಕ ಸೇವೆಯವರ ಉತ್ತರ ಎಂದೂ ಬದಲಾಗಲಿಲ್ಲ: "ಮೇಡಂ, ನಿಮ್ಮ ಸರ್ಕಲ್‌ನಲ್ಲಿ ಸದ್ಯದಲ್ಲೇ ಬರುತ್ತೆ." ಸರ್ಕಲ್ ಎಂದರೆ ಮೊಬೈಲ್ ಸೇವೆಗಾಗಿ ಮಾಡಿದ ವಲಯ, ನಮಗೆ ಕರ್ನಾಟಕ. ಸದ್ಯದಲ್ಲೇ ಎಂದರೆ ಯಾವಾಗ ಎಂದು ಕೇಳಿದರೆ ಅವರಿಗೂ ತಿಳಿದಿರಲಿಲ್ಲ, ಅದು ಅವರ ತಪ್ಪೂ ಅಲ್ಲ. ಒಮ್ಮೆ ನನ್ನ ದೂರನ್ನು 'ಮನೆಯೊಳಗೆ ಸಿಗ್ನಲ್ ಇಲ್ಲ' ಎಂಬ ವರ್ಗಕ್ಕೆ ಸೇರಿಸಿ, ಟವರ್ ಸರಿಯಾಗಿದೆ ಎಂಬ ಷರಾ ಬರೆದು ಮುಗಿಸಿದ್ದರು. ಟವರ್ ಸರಿಯಾಗಿಯೇ ಇತ್ತು. ನಾನು ಕೇಳಿದ್ದು ಟವರನ್ನಲ್ಲ ಎಂಬುದನ್ನು ದಾಖಲಿಸಲು ಅವರ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. ನಡುವೆ ಬೇರೆ ರಾಜ್ಯಗಳ ಗ್ರಾಹಕರಿಗೆ ಸೇವೆ ಸಿಗಲಾರಂಭಿಸಿದೆ ಎಂಬ ಸುದ್ದಿ ಓದಿದಾಗಲೆಲ್ಲ ಫೋನಿನ ಸೆಟ್ಟಿಂಗ್ಸ್ ತೆರೆದು ನೋಡುತ್ತಿದ್ದೆ. ಆ ಆಯ್ಕೆ ಕಾಣಿಸುತ್ತಲೇ ಇರಲಿಲ್ಲ.

ನಂಬರನ್ನು ಇನ್ನೊಂದು ಕಂಪನಿಗೆ ಪೋರ್ಟ್ ಮಾಡಿಬಿಡಬಹುದಿತ್ತಲ್ಲ ಎನ್ನುವವರಿಗೆ ಹೇಳಬೇಕಾದ ಮಾತಿದು. ಮನೆಯೊಳಗೆ ವೈಫೈ ಸಾಕು, ಆದರೆ ತೋಟದ ಮೇಲ್ಭಾಗ, ಬಸ್ ನಿಲ್ಲುವ ಕೈಮರ, ಹೊಳೆದಂಡೆ, ಈ ಜಾಗಗಳಲ್ಲಿ ಸಿಗುವುದು ಆ ಒಂದೇ ಟವರಿನ ಸಿಗ್ನಲ್. ಪೋರ್ಟ್ ಮಾಡಿದರೆ ಮನೆಯೊಳಗೆ ಸಿಕ್ಕಿ ಹೊರಗೆ ಸಿಗದವಳಾಗುತ್ತಿದ್ದೆ. ಅದಕ್ಕೆ ಮಧ್ಯದ ದಾರಿಯೊಂದನ್ನು ಹಿಡಿದೆ: ವೈಫೈ ಕಾಲಿಂಗ್ ಇರುವ ಇನ್ನೊಂದು ಕಂಪನಿಯ ಸಿಮ್ಮನ್ನು ಅಪ್ಪಯ್ಯನ ಬಳಿಯಿದ್ದ ಬೇರೆ ಫೋನಿಗೆ ಹಾಕಿ, ನನ್ನ ನಂಬರ್ ತಲುಪದಿದ್ದಾಗ ಕರೆ ಅದಕ್ಕೆ ಹೋಗುವಂತೆ ಫಾರ್ವರ್ಡ್ ಮಾಡಿದೆ. ಕರೆಗಳು ಬಂದವು, ಈ ಉಪಾಯವನ್ನು ನನ್ನಂಥ ಸ್ಥಿತಿಯಲ್ಲಿರುವವರಿಗೆ ಇಂದಿಗೂ ಶಿಫಾರಸು ಮಾಡುತ್ತೇನೆ. ಆದರೆ ಎಸ್ಎಂಎಸ್ ಫಾರ್ವರ್ಡ್ ಆಗುವುದಿಲ್ಲ, ಆದ್ದರಿಂದ ಒಟಿಪಿಗೆ ಮತ್ತೆ ಅಟ್ಟವೇ ಗತಿ. ಎರಡು ರೀಚಾರ್ಜಿನ ಖರ್ಚು ಬೇರೆ. ಮಾಳಿಗೆಯ ಮೇಲೆ ಬೂಸ್ಟರ್ ಕೂರಿಸಿಕೊಡುತ್ತೇನೆ ಎಂದು ಪೇಟೆಯ ಅಂಗಡಿಯವರೊಬ್ಬರು ಹೇಳಿದ್ದರು. ಪರವಾನಗಿಯಿಲ್ಲದೆ ಅದನ್ನು ಇಡುವುದು ಕಾನೂನಿಗೆ ವಿರುದ್ಧ. ಅದರಿಂದ ಸುತ್ತಲಿನವರ ಸಿಗ್ನಲ್ಲೂ ಕೆಡುತ್ತದೆ. ಹಾಗಾಗಿ ಬೇಡವೆಂದೆ.

ಕೊನೆಗೂ ಸೇವೆ ನಮ್ಮ ಸರ್ಕಲ್ಲಿಗೆ ಬಂದಿತೆಂದು ತಿಳಿದ ದಿನ ಸಂತೋಷದಿಂದ ಸೆಟ್ಟಿಂಗ್ಸ್ ತೆರೆದೆ. ಆಯ್ಕೆ ಆಗಲೂ ಇರಲಿಲ್ಲ. ಕಂಪನಿ ಸೇವೆ ಕೊಟ್ಟರಷ್ಟೇ ಸಾಲದು, ಫೋನು ತಯಾರಿಸಿದವರು ಆ ಕಂಪನಿಯ ಸೇವೆಗೆ ಬೇಕಾದ ಸೆಟ್ಟಿಂಗ್ಸನ್ನು ಆ ಮಾದರಿಯ ತಂತ್ರಾಂಶದಲ್ಲಿ ಸೇರಿಸಿರಬೇಕು, ಕಂಪನಿಯೂ ಆ ಮಾದರಿಯನ್ನು ಪರೀಕ್ಷಿಸಿ ಒಪ್ಪಿರಬೇಕು ಎಂಬುದು ನನಗೆ ತಿಳಿದದ್ದೇ ಆಗ. ಇದೇ ಫೋನಿನಲ್ಲಿ ಇನ್ನೊಂದು ಕಂಪನಿಯ ಸಿಮ್ ಹಾಕಿದರೆ ಆಯ್ಕೆ ತಾನಾಗಿ ಮೂಡುತ್ತಿತ್ತು. ಯಂತ್ರಕ್ಕೆ ಶಕ್ತಿಯಿತ್ತು, ಪಟ್ಟಿಯಲ್ಲಿ ಹೆಸರಿರಲಿಲ್ಲ. ಫೋನಿನವರನ್ನು ಕೇಳಿದರೆ ಮೊಬೈಲ್ ಕಂಪನಿಯತ್ತ, ಅವರನ್ನು ಕೇಳಿದರೆ ಫೋನಿನವರತ್ತ ಬೆರಳು ತೋರಿಸುವುದರಲ್ಲೇ ಒಂದು ವರ್ಷ ಕಳೆಯಿತು. ನನಗೆ ಈ ಎಲ್ಲ ಕಾಯುವಿಕೆಯಲ್ಲಿ ಅತ್ಯಂತ ಬೇಸರ ತರಿಸಿದ್ದು ಈ ಒಂದು ವರ್ಷವೇ. ಆದ್ದರಿಂದ ಹೊಸ ಫೋನು ಕೊಳ್ಳುವವರು, 'ವೈಫೈ ಕಾಲಿಂಗ್ ಇದೆ' ಎಂಬ ಮಾತನ್ನು ನಂಬಿ ಹಣ ಕೊಡದೆ, ತಮ್ಮ ಸಿಮ್ಮನ್ನೇ ಅಂಗಡಿಯಲ್ಲಿ ಆ ಮಾದರಿಗೆ ಹಾಕಿಸಿ, ಆಯ್ಕೆ ಮೂಡುತ್ತದೆಯೇ ಎಂದು ಕಣ್ಣಾರೆ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಆ ಆಯ್ಕೆ ಒಂದು ತಂತ್ರಾಂಶ ಅಪ್‌ಡೇಟಿನ ಜೊತೆ ಸದ್ದಿಲ್ಲದೆ ಬಂತು. ರಾತ್ರಿ ಊಟವಾದ ಮೇಲೆ ಒತ್ತಿ ನೋಡಿದೆ. ಅರ್ಧ ನಿಮಿಷದೊಳಗೆ ಪರದೆಯ ಮೇಲ್ತುದಿಯಲ್ಲಿ 'ವೋವೈಫೈ' (ವಾಯ್ಸ್ ಓವರ್ ವೈಫೈ, ಅಂದರೆ ವೈಫೈ ಕಾಲಿಂಗ್) ಎಂಬ ಸಣ್ಣ ಗುರುತು ಮೂಡಿತು. ಜಗಲಿಯ ಮೇಲೆ ಕುಳಿತಿದ್ದ ಅಪ್ಪಯ್ಯನ ಕೈಗೆ ಫೋನು ಕೊಟ್ಟು ಸಾಗರದಲ್ಲಿರುವ ಸೋದರತ್ತೆಗೆ ಕರೆ ಹಚ್ಚಿದೆ. ಅವರು ರೂಢಿಯಂತೆ ಎದ್ದು ಅಟ್ಟದ ಮೆಟ್ಟಿಲ ಕಡೆ ಎರಡು ಹೆಜ್ಜೆ ಹಾಕಿದರು. "ಹೋಗೋದು ಬ್ಯಾಡ ಅಪ್ಪಯ್ಯ, ಇಲ್ಲೇ ಕೂತು ಮಾತಾಡಿ" ಎಂದೆ. ಆದರೂ ಕೂಗಿಯೇ ಮಾತನಾಡಿದರು. ಅತ್ತೆ ಆ ಕಡೆಯಿಂದ "ಯಾಕೆ ಹಿಂಗೆ ಕೂಗ್ತೀಯ ಅಣ್ಣಯ್ಯ, ಪಕ್ಕದಲ್ಲೇ ಕೂತ ಹಂಗೆ ಕೇಳ್ತಿದೆ" ಎಂದದ್ದು ನನಗೂ ಕೇಳಿಸಿತು.

ಈಗ ಬಳಕೆಯ ವಿಷಯ. ಧ್ವನಿ ಸ್ಪಷ್ಟವಾಗಿದೆ, ಟವರಿನ ಕರೆಗಿಂತ ಎಷ್ಟೋ ಮೇಲು. ಧ್ವನಿಗೆ ತಗಲುವ ಡೇಟಾ ತೀರಾ ಕಡಿಮೆಯಾದ್ದರಿಂದ ಸಾಧಾರಣ ಬ್ರಾಡ್‌ಬ್ಯಾಂಡ್ ಪ್ಲ್ಯಾನ್ ಧಾರಾಳ ಸಾಕು. ಪ್ರತ್ಯೇಕ ಶುಲ್ಕವಿಲ್ಲ, ಮಾಮೂಲಿ ರೀಚಾರ್ಜಿನ ಕರೆಗಳ ಲೆಕ್ಕಕ್ಕೇ ಇದೂ ಸೇರುತ್ತದೆ. ಒಟಿಪಿಗಳು ಕುಳಿತಲ್ಲೇ ಬರುತ್ತಿವೆ.

ಮೊದಲ ತಿಂಗಳು ಒಂದು ವಿಚಿತ್ರ ತೊಂದರೆ ಕಾಡಿತು. ಹೊರಹೋಗುವ ಕರೆ ಸರಿಯಿತ್ತು, ಆದರೆ ಫೋನನ್ನು ಸ್ವಲ್ಪ ಹೊತ್ತು ಮುಟ್ಟದಿದ್ದರೆ ಒಳಬರುವ ಕರೆ ಬಡಿಯುತ್ತಲೇ ಇರಲಿಲ್ಲ. ವೈಫೈ ಕಾಲಿಂಗಿನ ಸುರಂಗ 500 ಮತ್ತು 4500 ಎಂಬ ಎರಡು ಯುಡಿಪಿ ಪೋರ್ಟುಗಳ, ಅಂದರೆ ಇಂಟರ್ನೆಟ್ ಸಂಚಾರಕ್ಕೆ ಅಂಕಿ ಕೊಟ್ಟ ಬಾಗಿಲುಗಳ, ಮೂಲಕ ಹಾದುಹೋಗುತ್ತದೆ. ನಮ್ಮ ರೌಟರ್ ಕೆಲ ಹೊತ್ತು ಅದರಲ್ಲಿ ಓಡಾಟ ಕಾಣದಿದ್ದರೆ ಆ ದಾರಿಯನ್ನು ಮುಚ್ಚಿಬಿಡುತ್ತಿತ್ತು. ಕೇಬಲ್ ಹುಡುಗ ಬಂದು ರೌಟರಿನ ತಂತ್ರಾಂಶವನ್ನು ಹೊಸದು ಮಾಡಿ, ಐಪಿಸೆಕ್ ಪಾಸ್‌ಥ್ರೂ ಎಂಬ, ಇಂಥ ಸುರಂಗವನ್ನು ತಡೆಯದೆ ಬಿಡುವ ಆಯ್ಕೆಯನ್ನು ಆನ್ ಮಾಡಿದ ಮೇಲೆ ಸರಿಹೋಯಿತು. ಇದೇ ಲಕ್ಷಣ ಕಂಡವರು ಮೊಬೈಲ್ ಕಂಪನಿಯನ್ನು ದೂರುವ ಮೊದಲು ರೌಟರನ್ನು ಪರೀಕ್ಷಿಸುವುದು ಒಳ್ಳೆಯದು.

ಇನ್ನೊಂದು ತೊಂದರೆ ಇನ್ನೂ ಉಳಿದಿದೆ. ಕಿಟಕಿಯ ಬಳಿ ಅರೆಬರೆ ಸಿಗ್ನಲ್ ಸಿಕ್ಕಿದರೆ ಫೋನು ವೈಫೈಯನ್ನು ಬಿಟ್ಟು ಅದಕ್ಕೆ ಜೋತುಬೀಳುತ್ತದೆ. ಸೆಟ್ಟಿಂಗ್ಸಿನಲ್ಲಿ ವೈಫೈಗೆ ಆದ್ಯತೆ ಕೊಡಬೇಕು. ಅದೂ ಸಾಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಬೇಕು. ಮಾತನಾಡುತ್ತಾ ಅಂಗಳ ದಾಟಿ ಕೊಟ್ಟಿಗೆಯ ಕಡೆ ಹೋದರೆ ಕರೆ ಕಡಿಯುತ್ತದೆ. ವೈಫೈಯಿಂದ ಟವರಿಗೆ ಕರೆ ದಾಟಿಕೊಳ್ಳಲು ಅಲ್ಲಿ ಟವರಿನ ಸಿಗ್ನಲ್ ಇರಬೇಕಲ್ಲ. ಇದನ್ನು ಸೇವೆಯ ದೋಷವೆಂದು ನಾನು ಎಣಿಸುವುದಿಲ್ಲ. 112ಕ್ಕೆ ಕರೆ ಮಾಡುವ ಸಂದರ್ಭ ಬಂದರೆ ಮೊದಲು ಊರು, ಮನೆಯ ಗುರುತು ಹೇಳಬೇಕೆಂದು ಮನೆಯವರಿಗೆಲ್ಲ ತಿಳಿಸಿದ್ದೇನೆ, ಏಕೆಂದರೆ ಟವರಿನಿಂದ ಸ್ಥಳವನ್ನು ಅಂದಾಜಿಸುವ ಅನುಕೂಲ ಇಂಥ ಕರೆಯಲ್ಲಿ ಇರುವುದಿಲ್ಲ.

ಕರೆಂಟ್ ಹೋದರೆ ರೌಟರ್ ಇನ್ವರ್ಟರಿನಲ್ಲಿ ನಡೆಯುತ್ತದೆ, ಆದರೆ ಫೈಬರಿಗೆ ಇನ್ವರ್ಟರ್ ಇಲ್ಲ. ಕಳೆದ ಆಷಾಢದಲ್ಲಿ ಧರೆ ಕುಸಿದು ಹಲಸಿನ ಮರವೊಂದು ಕಂಬದ ಮೇಲೆ ಬಿದ್ದು ನಾಲ್ಕು ದಿನ ಇಂಟರ್ನೆಟ್ ಇರಲಿಲ್ಲ. ಆ ನಾಲ್ಕೂ ದಿನ ಫೋನು ಅಟ್ಟದ ಕಿಟಕಿಯ ಅದೇ ಮೊಳೆಯಲ್ಲಿ ನೇತಾಡಿತು. ಐದನೆಯ ದಿನ ಲೈನ್ ಸರಿಯಾಗಿ ಕೇಬಲ್ ಹುಡುಗ ಮಾಡಿದ ಮೊದಲ ಕರೆಯನ್ನು ಅಮ್ಮ ಅಡುಗೆಮನೆಯಲ್ಲಿ ನಿಂತೇ ತೆಗೆದುಕೊಂಡರು.