ಎರಡು ಪೇಪರ್, ಒಂದು ಚಾನೆಲ್, ಮನೆಯ ವಾಟ್ಸಾಪ್: ಒಂದೂವರೆ ವರ್ಷ ಪಕ್ಕಪಕ್ಕ ಇಟ್ಟು ನೋಡಿದ್ದು

ಮಂಗಳೂರಿನ ಬಿಜೈಯ ನಮ್ಮ ಮನೆಗೆ ಈಗ ಎರಡು ಪೇಪರ್ ಬರುತ್ತವೆ. ಒಂದು, ಅಪ್ಪ ಮೂವತ್ತು ವರ್ಷದಿಂದ ಓದುತ್ತಿರುವುದು. ಅದು ಯಾವ ಕಡೆಗೆ ವಾಲುತ್ತದೆ ಎಂದು ಊರಿಗೇ ಗೊತ್ತು. ಇನ್ನೊಂದು ಅದಕ್ಕೆ ಸರಿಯಾಗಿ ಎದುರು ಬದಿಯದ್ದು. ಅದನ್ನು ಹಾಕಿಸಿದ್ದು ನಾನು. "ಅದನ್ನೆಲ್ಲ ಮನೆಯೊಳಗೆ ಯಾಕೆ ತರಿಸ್ತೀಯ?" ಎಂದು ಅಪ್ಪ ಒಂದು ವಾರ ಬೇಜಾರು ಮಾಡಿಕೊಂಡಿದ್ದರು.

ಎರಡನ್ನೂ ಓದಬೇಕು ಅನಿಸಿದ್ದು ಸೆಲೂನಿನಲ್ಲಿ. 2022ರ ಡಿಸೆಂಬರ್ 1ರಿಂದ ಸುರತ್ಕಲ್ ಟೋಲ್‌ಗೇಟ್‌ನಲ್ಲಿ ವಸೂಲಿ ನಿಂತಿತ್ತು. ಆ ಸುದ್ದಿಯ ಎರಡೂ ಪೇಪರ್ ಸೆಲೂನಿನಲ್ಲಿ ಬಿದ್ದಿದ್ದವು. ಒಂದರ ಪ್ರಕಾರ ಇದು ಜನಪ್ರತಿನಿಧಿಗಳು ಓಡಾಡಿ ಮಾಡಿಸಿದ ಕೆಲಸ. ಇನ್ನೊಂದರ ಪ್ರಕಾರ ಹಗಲು ರಾತ್ರಿ ಧರಣಿ ಕೂತ ಹೋರಾಟ ಸಮಿತಿಯ ಗೆಲುವು. ಆದರೆ ತಾರೀಕು ಎರಡರಲ್ಲೂ ಒಂದೇ. ಈ ಟೋಲನ್ನು ಹೆಜಮಾಡಿಯ ಟೋಲ್ ಜೊತೆ ವಿಲೀನ ಮಾಡುವ ವಿಷಯವೂ ಎರಡರಲ್ಲೂ ಇತ್ತು. ನಡೆದದ್ದೇನು ಎನ್ನುವುದರಲ್ಲಿ ಜಗಳ ಇರಲಿಲ್ಲ. ಹೆಸರು ಯಾರಿಗೆ ಸೇರಬೇಕು ಎನ್ನುವುದರಲ್ಲಿ ಮಾತ್ರ ಇತ್ತು.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟೆ. 2024ರ ಜೂನ್ 4ರ ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನದವರೆಗೂ ಬರೆದೆ. ಎರಡು ಪೇಪರ್‌ಗಳ ಜೊತೆಗೆ ಒಂದು ಲೋಕಲ್ ಯೂಟ್ಯೂಬ್ ಚಾನೆಲ್ ಮತ್ತು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪನ್ನೂ ಸೇರಿಸಿಕೊಂಡೆ. ಚಾನೆಲ್‌ನವರು ಪ್ರತಿ ವಿಡಿಯೋದಲ್ಲೂ "ನಾವು ಯಾವ ಪಕ್ಷದವರೂ ಅಲ್ಲ" ಎಂದು ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಶುರುವಿನಲ್ಲಿ ನನಗೆ ಜಾಸ್ತಿ ನಂಬಿಕೆ ಇದ್ದದ್ದು ಅವರ ಮೇಲೆಯೇ.

ಮೊದಲು ಕಣ್ಣಿಗೆ ಬಿದ್ದದ್ದು ಕ್ರಿಯಾಪದಗಳು. ಅಪ್ಪನ ಪೇಪರ್‌ನಲ್ಲಿ ತಮ್ಮ ಕಡೆಯ ನಾಯಕರು "ಗುಡುಗುತ್ತಾರೆ", "ತಿರುಗೇಟು ನೀಡುತ್ತಾರೆ". ಎದುರಿನವರು "ಹರಿಹಾಯುತ್ತಾರೆ", "ನಾಲಿಗೆ ಹರಿಬಿಡುತ್ತಾರೆ". ನಾನು ಹಾಕಿಸಿದ ಪೇಪರ್‌ನಲ್ಲಿ ಇದೇ ಪದಗಳು ಅದಲುಬದಲು. ಹಾಗಾಗಿ ಪೆನ್ಸಿಲ್‌ನಲ್ಲಿ ಅವನ್ನೆಲ್ಲ ಹೊಡೆದು ಹಾಕಿ, ಆ ಜಾಗದಲ್ಲಿ "ಹೇಳಿದರು" ಎಂದು ಬರೆದು ಓದತೊಡಗಿದೆ. ಎರಡು ನಿಮಿಷದ ಕೆಲಸ. ಅದಾದ ಮೇಲೆ ಉಳಿಯುವುದು ಯಾರು, ಎಲ್ಲಿ, ಯಾವಾಗ, ಏನು ಅಂದರು ಎನ್ನುವುದು. ಅಷ್ಟರಲ್ಲಿ ಎರಡೂ ಪೇಪರ್ ತಪ್ಪಿದ್ದು ಅಪರೂಪ.

ಚಾನೆಲ್‌ನಲ್ಲಿ ಹೀಗೆ ಹೊಡೆದು ಹಾಕಿದರೆ ಉಳಿಯುತ್ತಿದ್ದದ್ದು "ಎನ್ನಲಾಗಿದೆ", "ಬಲ್ಲ ಮೂಲಗಳ ಪ್ರಕಾರ", "ಎಂಬ ಮಾತು ಕೇಳಿಬರುತ್ತಿದೆ". ಯಾರು ಅಂದರು ಎನ್ನುವುದೇ ಇಲ್ಲ. ಮೂಲದ ಹೆಸರು ಮುಚ್ಚಿಡಬೇಕಾದ ಸಂದರ್ಭ ಪತ್ರಿಕೆಗಳಿಗೂ ಬರುತ್ತದೆ, ಒಪ್ಪುತ್ತೇನೆ. ಪ್ರತಿ ಸುದ್ದಿಗೂ ಬರುತ್ತದೆಯಾ?

ಶಕ್ತಿ ಯೋಜನೆ ಬಂದಾಗ ನನ್ನ ಲೆಕ್ಕಾಚಾರವೇ ಬದಲಾಯಿತು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಶುರುವಾಯಿತು. ಅಪ್ಪನ ಪೇಪರ್, ಕರಾವಳಿಗೆ ಇದರಿಂದ ಲಾಭ ಇಲ್ಲ ಎಂದು ಬರೆಯಿತು. ಇನ್ನೊಂದು, ತುಂಬಿದ ಸರಕಾರಿ ಬಸ್ಸುಗಳ ಫೋಟೋ ಹಾಕಿ ಹೆಂಗಸರ ಖುಷಿಯನ್ನು ಬರೆಯಿತು. ನಾನೇ ಹೋಗಿ ನೋಡಿದೆ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಸಂಜೆ ಒಂದು ಗಂಟೆ ನಿಂತರೆ ಸಾಕು, ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ ಎಂದು ಗೊತ್ತಾಗುತ್ತದೆ. ಶಕ್ತಿ ಇರುವುದು ಸರಕಾರಿ ಬಸ್ಸಿಗೆ ಮಾತ್ರ. ದಿನಾ ಸುರತ್ಕಲ್‌ನಿಂದ ಅಂಗಡಿ ಕೆಲಸಕ್ಕೆ ಬರುವ ಹುಡುಗಿ ಖಾಸಗಿ ಬಸ್ಸಿನಲ್ಲಿ ದುಡ್ಡು ಕೊಟ್ಟೇ ಬರುತ್ತಿದ್ದಳು. ಹಾಗಾದರೆ ಅಪ್ಪನ ಪೇಪರ್ ಸರಿ. ಆದರೆ ಅದೇ ತಿಂಗಳು ಅಮ್ಮ ಬಿಜೈ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ಧರ್ಮಸ್ಥಳಕ್ಕೆ ಹೊರಟರು. ಆಧಾರ್ ತೋರಿಸಿ, ಸೊನ್ನೆ ರೂಪಾಯಿಯ ಟಿಕೆಟ್ ಹಿಡಿದು ಹೋದರು. ಬಸ್ಸಿನಲ್ಲಿ ಕಾಲಿಡಲು ಜಾಗ ಇರಲಿಲ್ಲವಂತೆ. ಹಾಗಾದರೆ ಇನ್ನೊಂದೂ ಸರಿ.

ಎರಡೂ ವಾಲಿದ್ದವು. ಎರಡೂ ಸುಳ್ಳು ಹೇಳಿರಲಿಲ್ಲ. ತಮಗೆ ಬೇಡದ ಅರ್ಧವನ್ನು ಬಿಟ್ಟಿದ್ದವು, ಅಷ್ಟೆ. ವಾಲುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದು ನನಗೆ ಖಾತ್ರಿಯಾದದ್ದು ಆಗ. ನಮ್ಮ ಊರಿಗೆ ಇದು ಹೊಸತೂ ಅಲ್ಲ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ಇಲ್ಲಿಂದಲೇ ಹೊರಟಿತು. ಅದನ್ನು ನಡೆಸಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಷನ್ನಿನ ಪಾದ್ರಿ. ಅವರಿಗೂ ತಮ್ಮದೇ ಉದ್ದೇಶ ಇತ್ತು. ಅದು ಗೊತ್ತಿದ್ದೂ ನಾವು ಇವತ್ತಿಗೂ ಆ ಪತ್ರಿಕೆಯನ್ನು ಪ್ರೀತಿಯಿಂದ ನೆನೆಯುತ್ತೇವೆ, ಅಲ್ವಾ?

ಹಾಗಾಗಿ ನೋಟ್‌ಬುಕ್ಕಿನಲ್ಲಿ ಎರಡು ಹೊಸ ಕಾಲಂ ಹಾಕಿದೆ. ತಮ್ಮ ಕಡೆಯವರಿಗೆ ನೋವಾಗುವ ಸುದ್ದಿಯನ್ನು ಹಾಕಿದರಾ? ತಪ್ಪಾದಾಗ ತಿದ್ದಿಕೊಂಡರಾ? ಅಪ್ಪನ ಪೇಪರ್ ಇಂಥ ಸುದ್ದಿಯನ್ನು ಒಳಪುಟದಲ್ಲಿ, ಸಣ್ಣದಾಗಿ ಹಾಕುತ್ತಿತ್ತು. ಆದರೆ ಹಾಕುತ್ತಿತ್ತು. ಇನ್ನೊಂದು ಸ್ವಲ್ಪ ಧಾರಾಳ, ಆದರೆ ಎರಡು ದಿನ ತಡ. ತಿದ್ದುಪಡಿ ಎರಡರಲ್ಲೂ ಮೂಲೆಯಲ್ಲಿ ನಾಲ್ಕು ಸಾಲು. ಚಾನೆಲ್ ತಿದ್ದಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ವಿಡಿಯೋ ಸುಮ್ನೆ ಮಾಯವಾಗುತ್ತಿತ್ತು. ಬೆಳಿಗ್ಗೆ ಅದನ್ನು ನೋಡಿ ನಂಬಿದವರಿಗೆ ಅದು ತಪ್ಪು ಎಂದು ತಿಳಿಸುವವರು ಯಾರು? ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ವಾಟ್ಸಾಪ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮೆಸೇಜಿನ ಮೇಲೆ ಜೋಡಿ ಬಾಣ ಇದ್ದರೆ ಅದು ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದದ್ದು ಎಂದು ಅರ್ಥ. ಅಂಥದ್ದನ್ನು 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಆಗುತ್ತದೆ. ಭಾವ ಕಳಿಸುತ್ತಿದ್ದ ಹೆಚ್ಚಿನವುಗಳ ಮೇಲೆ ಆ ಬಾಣ ಇರುತ್ತಿತ್ತು. ಅವರು ಕೆಟ್ಟವರಲ್ಲ, ನಮ್ಮ ಮೇಲಿನ ಕಾಳಜಿಯಿಂದಲೇ ಕಳಿಸುತ್ತಾರೆ. ಫೋಟೋ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕುತ್ತಿದ್ದೆ. ಹಳೆಯದು, ಬೇರೆ ರಾಜ್ಯದ್ದು ಎಂದು ಎಷ್ಟೋ ಸಲ ಅಲ್ಲೇ ಗೊತ್ತಾಗುತ್ತಿತ್ತು.

ಈ ನಾಲ್ಕನ್ನೂ ಅಳೆಯಲು ಒಂದು ಕೋಲು ಬೇಕಿತ್ತು. ಕೇಂದ್ರ ಸರಕಾರದ ಸುದ್ದಿ ವಿಭಾಗವಾದ ಪಿಐಬಿಯಲ್ಲಿ, ಸುದ್ದಿ ನಿಜವಾ ಎಂದು ನೋಡುವ ಫ್ಯಾಕ್ಟ್‌ಚೆಕ್ ಘಟಕ 2019ರಿಂದ ಇದೆ. ಆದರೆ ಅದು ನೋಡುವುದು ಕೇಂದ್ರ ಸರಕಾರಕ್ಕೆ ಸಂಬಂಧಿಸಿದ್ದನ್ನು ಮಾತ್ರ, ನೋಡುವವರೂ ಸರಕಾರದವರೇ. ಯೋಜನೆಯ ಹೆಸರಿನ ನಕಲಿ ಲಿಂಕ್ ಹಿಡಿಯಲು ಒಳ್ಳೆಯದು, ಸರಕಾರದ ಮೇಲಿನ ಟೀಕೆ ಸರಿಯಾ ಎಂದು ತಿಳಿಯಲು ನಾನು ಅಲ್ಲಿಗೆ ಹೋಗುವುದಿಲ್ಲ. ಇಂಥ ಸರಕಾರಿ ಘಟಕಕ್ಕೆ ಹೆಚ್ಚಿನ ಅಧಿಕಾರ ಕೊಡುವ ಐಟಿ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದು ಮಾಡಿದಾಗ ನನಗೆ ಸಮಾಧಾನವಾಯಿತು.

ನನಗೆ ಕೋಲಾಗಿ ಒದಗಿದ್ದು ಮೂಲ ಕಾಗದಗಳು. ಚುನಾವಣೆ ಬಂದರೆ ಪ್ರತಿ ಅಭ್ಯರ್ಥಿಯ ಅಫಿಡವಿಟ್ ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ ಸಿಗುತ್ತದೆ. ಆಸ್ತಿ, ಸಾಲ, ಕೇಸು ಎಲ್ಲ ಅವರೇ ಪ್ರಮಾಣ ಮಾಡಿ ಬರೆದದ್ದು. ಸುಳ್ಳು ಬರೆದರೆ 6 ತಿಂಗಳವರೆಗೆ ಜೈಲು ಆಗಬಹುದು. ಜೂನ್ 4ರಂದು ಚಾನೆಲ್ ಮಧ್ಯಾಹ್ನದ ಮುನ್ನಡೆಯನ್ನೇ ಗೆಲುವಿನ ಅಂತರ ಎಂದು ಹಾಕಿತು. ಭಾವನ ಗ್ರೂಪಿನಲ್ಲಿ ಇನ್ನೂ ಬೇರೆ ಸಂಖ್ಯೆ. ಆಯೋಗದ ಪ್ರಕಾರ ದಕ್ಷಿಣ ಕನ್ನಡದಲ್ಲಿ ಬ್ರಿಜೇಶ್ ಚೌಟ ಗೆದ್ದದ್ದು 1,49,208 ಮತಗಳಿಂದ. ಮರುದಿನ ಎರಡೂ ಪೇಪರ್‌ನಲ್ಲಿ ಇದೇ ಸಂಖ್ಯೆ ಇತ್ತು. ನೋಟಾಕ್ಕೆ ಬಿದ್ದ 23,576 ಮತಗಳು ಮಾತ್ರ ಎರಡರಲ್ಲೂ ಒಳಪುಟಕ್ಕೆ ಹೋಗಿದ್ದವು. ಅದು ಯಾರ ಪಕ್ಷಕ್ಕೂ ಬೇಕಾದ ಸುದ್ದಿ ಆಗಿರಲಿಲ್ಲ. ಎರಡೂ ಬದಿಯ ಪೇಪರ್ ಓದಿದರೂ ಇಂಥದ್ದು ಕೈತಪ್ಪಬಹುದು ಎಂದು ಆವತ್ತು ಅರ್ಥವಾಯಿತು.

ಈಗ ಚಾನೆಲ್ ಬಿಟ್ಟಿದ್ದೇನೆ. ಪೇಪರ್ ಎರಡೂ ಬರುತ್ತಿವೆ. ಆದರೆ ಒಂದು ವಿಷಯದಲ್ಲಿ ಮೊದಲ ದಿನ ಇವುಗಳಲ್ಲಿ ಯಾವುದನ್ನೂ ನಾನು ನಂಬುವುದಿಲ್ಲ. ಹೊಡೆದಾಟ, ಚೂರಿ ಇರಿತದ ಸುದ್ದಿ. ನಮ್ಮ ಜಿಲ್ಲೆಯಲ್ಲಿ ಇಂಥ ಸುದ್ದಿ ಬಂದ ಅರ್ಧ ಗಂಟೆಯಲ್ಲಿ ಇರಿದವನ ಧರ್ಮ ತೀರ್ಮಾನವಾಗಿರುತ್ತದೆ, ಕಾರಣವೂ ತೀರ್ಮಾನವಾಗಿರುತ್ತದೆ. "ಎಫ್‌ಐಆರ್ ಆಗಿದೆ" ಎಂದರೆ ತಪ್ಪು ಸಾಬೀತಾಯಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ದೂರು ಕೊಟ್ಟವರ ಮಾತು ಮಾತ್ರ. ತನಿಖೆ ಮುಗಿದು ಚಾರ್ಜ್‌ಶೀಟ್ ಬರಲು ತಿಂಗಳುಗಳೇ ಬೇಕು, ತೀರ್ಪಿಗೆ ಇನ್ನೂ ವರ್ಷಗಳು. ಪೊಲೀಸರ ಹೇಳಿಕೆ ಬಂದ ಮೇಲೆ, ಎರಡೂ ಪೇಪರ್ ಪಕ್ಕಪಕ್ಕ ಇಟ್ಟು, ಎರಡೂ ಒಪ್ಪುವಷ್ಟನ್ನು ಮಾತ್ರ ನಿಜ ಎಂದು ಇಟ್ಟುಕೊಳ್ಳುತ್ತೇನೆ.

ಅಂಥ ರಾತ್ರಿಗಳಲ್ಲಿ ಭಾವ ಫೋನ್ ಮಾಡುತ್ತಾರೆ. "ನೋಡಿದ್ಯಾ ಮಾರಾಯ, ಗ್ರೂಪಲ್ಲಿ ಹಾಕಿದ್ದೇನೆ." ನೋಡಿದೆ ಭಾವ, ಇನ್ನೊಂದು ಗ್ರೂಪಿಗೆ ಹಾಕಬೇಡಿ, ನಾಳೆ ಪೇಪರ್ ಬರಲಿ ಎನ್ನುತ್ತೇನೆ. ಮೊದಲೆಲ್ಲ ವಾದ ಮಾಡುತ್ತಿದ್ದರು. ಹೋದ ಸಲ ಏನೂ ಹೇಳದೆ ಫೋನಿಟ್ಟರು. ಐದು ನಿಮಿಷದ ಮೇಲೆ ನೋಡಿದರೆ ಆ ಮೆಸೇಜ್ ಗ್ರೂಪಿನಲ್ಲಿ ಇರಲಿಲ್ಲ. ಅದರ ಕೆಳಗೆ ಅವರೇ ಬರೆದಿದ್ದರು, "ಖಚಿತ ಇಲ್ಲ, ತೆಗೆದಿದ್ದೇನೆ."