ಯುಪಿಎಸ್ ಬಂದ ಮೇಲೆ ಕೆಟ್ಟ ತಕ್ಕಡಿ: ಶೇರ್ಡ್ ಪಾಯಿಂಟರ್ ನಂಬಿ ನಿಶ್ಚಿಂತರಾದವರಿಗೆ

ಶೇರ್ಡ್ ಪಾಯಿಂಟರ್ (ಯಾರೂ ಹಿಡಿದಿಲ್ಲದ ಮೆಮೊರಿಯನ್ನು ತಾನೇ ಮರಳಿಸುವ, ಸಿ ಪ್ಲಸ್ ಪ್ಲಸ್ ಭಾಷೆಯ ಸಾಧನ) ಬಳಸಿದರೆ ಮೆಮೊರಿಯ ಚಿಂತೆ ಇಲ್ಲ ಎಂದು ಯಾರಾದರೂ ಹೇಳಿದರೆ, ಅವರ ಪ್ರೋಗ್ರಾಮು ಎಷ್ಟು ದಿನ ನಿಲ್ಲದೆ ಓಡಿದೆ ಎಂದು ಮೊದಲು ಕೇಳಿ. ನಾನು ಕೇಳಲಿಲ್ಲ. ಹೇಳಿದವನೂ ನಾನೇ ಆಗಿದ್ದೆ, ಅದು ಬೇರೆ ಮಾತು.

ಶಿವಮೊಗ್ಗದ ಒಂದು ಅಡಿಕೆ ಮಂಡಿಗೆ ತೂಕದ ಲೆಕ್ಕ ಹಿಡಿಯುವ ಪ್ರೋಗ್ರಾಮನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದುಕೊಟ್ಟಿದ್ದೆ. ಎರಡು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಕ್ಯಾಮೆರಾ, 1 ಜಿಬಿ ಮೆಮೊರಿಯ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ರೈತರೊಬ್ಬರ ಮಾಲು ತಕ್ಕಡಿಯ ಬಳಿ ಬಂದೊಡನೆ ‘ಲಾಟ್’ ಎಂಬ ಆಬ್ಜೆಕ್ಟ್ (ಮೆಮೊರಿಯಲ್ಲಿ ಮಾಹಿತಿಯ ಒಂದು ಕಟ್ಟು) ಹುಟ್ಟುತ್ತದೆ. ಸೆಕೆಂಡಿಗೆ ಹತ್ತರಂತೆ ಬರುವ ತೂಕಗಳನ್ನೂ ಮಾಲಿನ ಒಂದು ಚಿತ್ರವನ್ನೂ ಅದು ಇಟ್ಟುಕೊಂಡಿರುತ್ತದೆ. ಚೀಟಿ ಮುದ್ರಣವಾದ ಮೇಲೆ ಅಳಿದುಹೋಗಬೇಕು. ಜೂನ್‌ನಲ್ಲಿ ಕೂರಿಸಿದೆ. ಮಳೆಗಾಲವಿಡೀ ಒಂದು ದೂರೂ ಬರಲಿಲ್ಲ. ತೀರ್ಥಹಳ್ಳಿಯ ಮನೆಯಲ್ಲಿ ಕುಳಿತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ನವೆಂಬರ್‌ನಲ್ಲಿ ಹೊಸ ಅಡಿಕೆ ಬರತೊಡಗಿತು. ರಾಶಿ, ಬೆಟ್ಟೆ, ಗೊರಬಲು ಎಂದು ಮಂಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕರೆಂಟು ಹೋಗಿ ತೂಕ ನಿಲ್ಲಬಾರದೆಂದು ಯಜಮಾನರು ಒಳ್ಳೆಯ ಯುಪಿಎಸ್ ಹಾಕಿಸಿದರು. ಆ ವಾರದ ಶನಿವಾರ ಮಧ್ಯಾಹ್ನ ಪ್ರೋಗ್ರಾಮು ಸತ್ತಿತು. ಮತ್ತೆ ಚಾಲೂ ಮಾಡಿದರು. ಮುಂದಿನ ಶನಿವಾರ ಮತ್ತೆ ಸತ್ತಿತು. ಫೋನಿನಲ್ಲಿ ಯಜಮಾನರು ಹೇಳಿದ್ದು ಇಷ್ಟು: “ಏನು ಮಾರಾಯರೇ, ಕರೆಂಟು ಹೋಗದಂತೆ ಮಾಡಿದ ಮೇಲೆಯೇ ನಿಮ್ಮ ಡಬ್ಬಿ ಕೆಡುತ್ತದಲ್ಲ! ಇದಕ್ಕೇನು ಶನಿ ಹಿಡಿದಿದೆಯೇ?”

ಶನಿಯದೇನೂ ತಪ್ಪಿರಲಿಲ್ಲ. ಲೆಕ್ಕ ಹೀಗಿತ್ತು. ಒಂದು ಚಿತ್ರ 640ಕ್ಕೆ 480 ಬಿಂದು, ಬಿಂದುವಿಗೆ ಮೂರು ಬೈಟ್, ಅಂದರೆ 9,21,600 ಬೈಟ್. ಐದು ನಿಮಿಷದ ತೂಕಗಳು ಇನ್ನೊಂದು 48,000 ಬೈಟ್. ದಿನಕ್ಕೆ ನೂರು ಲಾಟ್ ಬಂದರೆ ಹೆಚ್ಚುಕಡಿಮೆ 97 ಎಂಬಿ. ಖಾಲಿ ಇದ್ದ ಮೆಮೊರಿ ಸುಮಾರು 600 ಎಂಬಿ. ಸೋಮವಾರ ಶುರುವಾದರೆ ಶನಿವಾರ ಕುತ್ತಿಗೆಗೆ ಬರುತ್ತದೆ. ಒಂದೇ ಒಂದು ಲಾಟ್ ಕೂಡ ಅಳಿಯುತ್ತಿರಲಿಲ್ಲ, ಜೂನ್‌ನಿಂದಲೂ. ಮಳೆಗಾಲದಲ್ಲಿ ಲಾಟ್‌ಗಳು ಕಡಿಮೆ. ಅದಕ್ಕಿಂತ ಮುಖ್ಯವಾಗಿ, ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದು ಎರಡು ಮೂರು ದಿನಕ್ಕೊಮ್ಮೆ ಕರೆಂಟು ಹೋಗುತ್ತಿತ್ತು. ಡಬ್ಬಿ ಆರಿ ಹೊತ್ತಿದಾಗಲೆಲ್ಲ ನನ್ನ ಪಾಪವೂ ತೊಳೆದುಹೋಗುತ್ತಿತ್ತು. ಐದು ತಿಂಗಳು ನನ್ನ ಮಾನ ಉಳಿಸಿದ್ದು ಮಲೆನಾಡಿನ ಗಾಳಿಮಳೆ.

ಶೇರ್ಡ್ ಪಾಯಿಂಟರ್ ನಡೆಯುವುದು ರೆಫರೆನ್ಸ್ ಕೌಂಟಿಂಗ್ ಮೇಲೆ. ಹಾಗೆಂದರೆ ಛತ್ರದ ಕೋಣೆಯ ನಿಯಮ: ಕೊನೆಗೆ ಹೊರಡುವವರು ದೀಪ ಆರಿಸಿ ಹೋಗಬೇಕು. ಆಬ್ಜೆಕ್ಟನ್ನು ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ ಇರುತ್ತದೆ. ಅದು ಸೊನ್ನೆಯಾದಾಗ ಮೆಮೊರಿ ಮರಳುತ್ತದೆ. ಆದರೆ ಕೋಣೆಯಲ್ಲಿ ಇಬ್ಬರು ಬೀಗರು ಮಾತ್ರ ಉಳಿದು, “ನೀವು ಮೊದಲು ಹೊರಡಿ”, “ಛೆ, ಎಲ್ಲಾದರೂ ಉಂಟೇ, ನೀವು ಮೊದಲು” ಎಂದು ನಿಂತರೆ ದೀಪ ಬೆಳಗಿನವರೆಗೂ ಉರಿಯುತ್ತದೆ. ನನ್ನ ಲಾಟ್, ತಕ್ಕಡಿಯ ಪೋರ್ಟ್ ಓದುವ ‘ರೀಡರ್’ ಆಬ್ಜೆಕ್ಟನ್ನು ಹಿಡಿದಿತ್ತು. ಆ ರೀಡರ್‌ಗೆ ನಾನು ಒಂದು ಕಾಲ್‌ಬ್ಯಾಕ್, ಅಂದರೆ ತೂಕ ಬಂದಾಗ ಕರೆಯಬೇಕಾದ ಫಂಕ್ಷನ್ ಕೊಟ್ಟಿದ್ದೆ. ಅದನ್ನು ಬರೆದದ್ದು ಲ್ಯಾಂಬ್ಡಾ ಎಂಬ ಹೆಸರಿಲ್ಲದ ಪುಟ್ಟ ಫಂಕ್ಷನ್ ಆಗಿ. ಆ ಲ್ಯಾಂಬ್ಡಾದೊಳಗೆ ‘ಶೇರ್ಡ್ ಫ್ರಮ್ ದಿಸ್’ ಕರೆದು, ಅಂದರೆ ಲಾಟ್‌ಗೆ ಇನ್ನೊಂದು ಶೇರ್ಡ್ ಪಾಯಿಂಟರ್ ಪಡೆದು, ಲಾಟನ್ನೇ ಹಿಡಿದಿಟ್ಟಿದ್ದೆ. ಇಬ್ಬರು ಬೀಗರೂ ಸಿದ್ಧ.

ನಾಚಿಕೆಯ ವಿಷಯವೆಂದರೆ ಇದು ಹಳೆಯ ಕಥೆ. ಪಟ್ಟಿಗಳ ಮೆಮೊರಿಯನ್ನು ಎಣಿಕೆಯಿಂದ ಮರಳಿ ಪಡೆಯುವ ಉಪಾಯವನ್ನು ಜಾರ್ಜ್ ಕಾಲಿನ್ಸ್ ಬರೆದದ್ದು 1960ರಲ್ಲಿ. ಹೀಗೆ ಒಂದನ್ನೊಂದು ಹಿಡಿದು ಸುತ್ತು ಬಿದ್ದರೆ ಅದು ಕೆಲಸ ಮಾಡದೆಂದು ಮೆಕ್‌ಬೆತ್ ಎಂಬವರು ತೋರಿಸಿದ್ದು 1963ರಲ್ಲಿ. ಪೈಥಾನ್ ಭಾಷೆ 2000ದಲ್ಲಿ ಎಣಿಕೆಯ ಜೊತೆಗೆ ಸುತ್ತು ಹುಡುಕುವ ವ್ಯವಸ್ಥೆಯನ್ನೂ ಸೇರಿಸಿಕೊಂಡಿತು. ಸಿ ಪ್ಲಸ್ ಪ್ಲಸ್‌ನಲ್ಲಿ ಆ ಹುಡುಕಾಟ ಬರೆಯುವವನ ಪಾಲಿಗೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಲ್ಯಾಂಬ್ಡಾದ ಚೌಕ ಕಂಸದೊಳಗೆ ಕುಳಿತ ಒಂದು ಹೆಸರು ಕಣ್ಣಿಗೆ ಬೀಳಲಿಲ್ಲ. ಕ್ಲಾಸಿನೊಳಗೆ ಬರೆದ ಪಾಯಿಂಟರ್‌ಗಳನ್ನು ಎಲ್ಲರೂ ನೋಡುತ್ತಾರೆ, ಕಾಲ್‌ಬ್ಯಾಕ್ ಹಿಡಿದದ್ದನ್ನು ಯಾರೂ ನೋಡುವುದಿಲ್ಲ.

ಪರೀಕ್ಷೆ ಮಾಡಿರಲಿಲ್ಲವೇ ಎನ್ನಬಹುದು. ಮಾಡಿದ್ದೆ, ಮೆಮೊರಿ ಸೋರಿಕೆ ಹುಡುಕುವ ಲೀಕ್ ಸ್ಯಾನಿಟೈಸರ್ ಹಾಕಿಯೇ. ಅದು ವರದಿ ಕೊಡುವುದು ಪ್ರೋಗ್ರಾಮು ಸಹಜವಾಗಿ ಮುಗಿದಾಗ. ನನ್ನದು ಮುಗಿಯದ ಪ್ರೋಗ್ರಾಮು. ಪ್ರತಿ ಸಲ ಕಂಟ್ರೋಲ್ ಸಿ ಒತ್ತಿ ಕೊಲ್ಲುತ್ತಿದ್ದೆ. ಹಾಗೆ ಕೊಂದರೆ ವರದಿ ಬರುವುದೇ ಇಲ್ಲ. ಮಂಡಿಯಲ್ಲಂತೂ ಮೆಮೊರಿ ಮುಗಿದಾಗ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ಕೊಲ್ಲುತ್ತಿತ್ತು, ಕೊನೆಯ ಮಾತಿಗೂ ಅವಕಾಶ ಕೊಡದೆ. ಏನೂ ಮುದ್ರಣವಾಗದ್ದನ್ನು ನಾನು “ಸೋರಿಕೆ ಇಲ್ಲ” ಎಂದು ಓದಿಕೊಂಡಿದ್ದೆ. ನಿಮ್ಮ ಸರ್ವರ್ ಹೀಗೆ ಸದಾ ಓಡುವಂಥದ್ದಾದರೆ ನಿಲ್ಲಿಸು ಎಂದು ಬರುವ ಸಿಗ್ನಲ್ ಹಿಡಿದು ಸರಿಯಾಗಿ ಮುಗಿಸುವ ದಾರಿಯನ್ನು ಮೊದಲು ಬರೆಯಿರಿ. ಅಷ್ಟೂ ಆಗದಿದ್ದರೆ ಆಬ್ಜೆಕ್ಟ್ ಅಳಿಯುವಾಗ ಓಡುವ ಡಿಸ್ಟ್ರಕ್ಟರ್‌ನಲ್ಲಿ ಲಾಗ್‌ಗೆ ಒಂದು ಸಾಲು ಬರೆಸಿ, ಹುಟ್ಟಿದ್ದೆಷ್ಟು ಸತ್ತಿದ್ದೆಷ್ಟು ಎಂದು ಸಂಜೆ ಎಣಿಸಿ. ನನ್ನ ಲಾಗ್‌ನಲ್ಲಿ ಆ ಸಾಲು ಒಂದೂ ಇರಲಿಲ್ಲ.

ಇಲ್ಲಿಯವರೆಗಿನದು ನಷ್ಟ ಅಷ್ಟೇ. ನಿಜವಾದ ಅಪಾಯ ತಂದದ್ದು ನಾನು ಮಾಡಿದ ರಿಪೇರಿ.

ಶನಿವಾರ ರಾತ್ರಿ, ಯಜಮಾನರ ಮಾತಿನ ಬಿಸಿ ಆರುವ ಮೊದಲೇ, ಲ್ಯಾಂಬ್ಡಾದಿಂದ ಶೇರ್ಡ್ ಪಾಯಿಂಟರ್ ಕಿತ್ತುಹಾಕಿ ಬರಿಯ ‘ದಿಸ್’, ಅಂದರೆ ಎಣಿಕೆಗೆ ಸೇರದ ಲಾಟ್‌ನ ವಿಳಾಸವನ್ನಷ್ಟೇ ಬರೆದೆ. ಸುತ್ತು ಕಳಚಿತು. ಡಿಸ್ಟ್ರಕ್ಟರ್ ಓಡಿತು. ಮೆಮೊರಿಯ ಗೆರೆ ಸಪಾಟಾಯಿತು. ಸೋಮವಾರ ಮಂಡಿಗೆ ಹಾಕಿಯೂಬಿಟ್ಟೆ.

ಬುಧವಾರ ಅಲ್ಲಿನ ಗುಮಾಸ್ತರು ಕರೆ ಮಾಡಿದರು. ಎರಡನೆಯ ತಕ್ಕಡಿಯ ಒಂದು ಲಾಟ್‌ನಲ್ಲಿ ಕಂಪ್ಯೂಟರ್ ಒಂದು ಚೀಲ ಹೆಚ್ಚು ತೋರಿಸುತ್ತಿದೆ, ತಮ್ಮ ಕೈಬರಹದ ಪುಸ್ತಕದಲ್ಲಿ ಆ ಚೀಲ ಇಲ್ಲ ಎಂದರು. ಇಂದಿನ ದರದಲ್ಲಿ ಒಂದು ಚೀಲ ರಾಶಿ ಎಂದರೆ ಹತ್ತಾರು ಸಾವಿರ ರೂಪಾಯಿ. ಶಿವಮೊಗ್ಗಕ್ಕೆ ಹೊರಟೆ. ಮಂಡಗದ್ದೆ ದಾಟಿ ಗಾಜನೂರಿನವರೆಗೂ ಬಸ್ಸಿನಲ್ಲಿ ತುಂಗೆಯನ್ನು ನೋಡದೆ ಲ್ಯಾಪ್‌ಟಾಪ್ ನೋಡಿದ್ದು ಅದೇ ಮೊದಲು.

ಆದದ್ದು ಹೀಗೆ. ಒಂದನೆಯ ತಕ್ಕಡಿಯ ಲಾಟ್ ಮುಗಿದು ಅಳಿಯಿತು. ಆದರೆ ಅದರ ರೀಡರ್ ಇನ್ನೂ ಜೀವಂತ: ಪೋರ್ಟ್ ಓದುವ ಥ್ರೆಡ್ (ಪ್ರೋಗ್ರಾಮಿನೊಳಗೆ ಉಳಿದವುಗಳ ಜೊತೆಜೊತೆಗೇ ಓಡುವ ಎಳೆ) ಅದನ್ನು ಕೆಲವು ಸೆಕೆಂಡು ಹಿಡಿದುಕೊಂಡಿರುತ್ತದೆ. ಅದರ ಕೈಯಲ್ಲಿ ಸತ್ತ ಲಾಟ್‌ನ ವಿಳಾಸ. ಅಷ್ಟರಲ್ಲಿ ಎರಡನೆಯ ತಕ್ಕಡಿಗೆ ಹೊಸ ಲಾಟ್ ಹುಟ್ಟಿತು. ಅದೇ ಅಳತೆಯ ಆಬ್ಜೆಕ್ಟ್ ಆದ್ದರಿಂದ ಮೆಮೊರಿ ಹಂಚುವ ವ್ಯವಸ್ಥೆ ಈಗತಾನೇ ಖಾಲಿಯಾದ ಜಾಗವನ್ನೇ ಕೊಟ್ಟಿತು. ಹಮಾಲಿಯೊಬ್ಬರು ಮುಂದಿನ ಚೀಲವನ್ನು ಒಂದನೆಯ ತಕ್ಕಡಿಯ ಮೇಲೆ ಇಟ್ಟರು. ಹಳೆಯ ಬಾಡಿಗೆದಾರನ ಕಾಗದ ಅದೇ ಮನೆಗೆ ಬಂದ ಹೊಸಬರ ಕೈ ಸೇರಿದಂತೆ, ಆ ತೂಕ ಇನ್ಯಾರದೋ ಲಾಟ್‌ಗೆ ಜಮೆಯಾಯಿತು. ಪ್ರೋಗ್ರಾಮು ಬೀಳಲಿಲ್ಲ. ಬಿದ್ದಿದ್ದರೆ ಕೈ ಮುಗಿಯುತ್ತಿದ್ದೆ. ಹಣ ಪಾವತಿಯಾಗುವ ಮೊದಲೇ ಸಿಕ್ಕಿತು, ಗುಮಾಸ್ತರ ಪುಸ್ತಕದ ದಯೆಯಿಂದ.

ಸೋರಿಕೆಯನ್ನು ಬರಿಯ ಪಾಯಿಂಟರ್‌ನಿಂದ ಮುಚ್ಚಬೇಡಿ. ಮೆಮೊರಿ ತುಂಬಿ ಸಾಯುವ ಪ್ರೋಗ್ರಾಮು ಎಲ್ಲರ ಕಣ್ಣೆದುರೇ ಸಾಯುತ್ತದೆ. ಸತ್ತ ವಿಳಾಸಕ್ಕೆ ಬರೆಯುವ ಪ್ರೋಗ್ರಾಮು ನಗುನಗುತ್ತ ಸುಳ್ಳು ಲೆಕ್ಕ ಕೊಡುತ್ತದೆ.

ಸರಿಯಾದ ಮದ್ದು ವೀಕ್ ಪಾಯಿಂಟರ್: ಎಣಿಕೆಗೆ ಸೇರದೆ, ಆಬ್ಜೆಕ್ಟ್ ಇನ್ನೂ ಇದೆಯೇ ಎಂದು ಕೇಳಬಲ್ಲ ಪಾಯಿಂಟರ್. 2011ರ ಸಿ ಪ್ಲಸ್ ಪ್ಲಸ್ ಮಾನಕದಲ್ಲಿ ಶೇರ್ಡ್ ಪಾಯಿಂಟರ್ ಜೊತೆಗೇ ಬಂದದ್ದು. ಲಾಟ್ ರೀಡರನ್ನು ಹಿಡಿಯಲಿ, ರೀಡರ್‌ನ ಕಾಲ್‌ಬ್ಯಾಕ್ ಲಾಟನ್ನು ನೋಡಲಿ ಮಾತ್ರ. ಪ್ರತಿ ತೂಕ ಬಂದಾಗಲೂ ‘ಲಾಕ್’ ಕರೆಯಬೇಕು. ಲಾಟ್ ಇದ್ದರೆ ಕೆಲಸ ಮುಗಿಯುವವರೆಗೆ ಅದು ಸಾಯದಂತೆ ಹಿಡಿದ ಶೇರ್ಡ್ ಪಾಯಿಂಟರ್ ಸಿಗುತ್ತದೆ, ಇಲ್ಲದಿದ್ದರೆ ಖಾಲಿ ಸಿಗುತ್ತದೆ, ಆ ತೂಕವನ್ನು ಬಿಟ್ಟುಬಿಡುವುದು. ‘ಎಕ್ಸ್‌ಪೈರ್ಡ್’ ಕರೆದು ಲಾಟ್ ಸತ್ತಿದೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ ಲಾಕ್ ಕೊಟ್ಟದ್ದು ಖಾಲಿಯೇ ಎಂದು ಪರೀಕ್ಷಿಸದೆ ಬಳಸುವವರಿದ್ದಾರೆ. ಎರಡು ಥ್ರೆಡ್ ಇರುವಲ್ಲಿ ಆ ಎರಡು ಸಾಲುಗಳ ನಡುವೆಯೇ ಲಾಟ್ ಸಾಯಬಹುದು. ಹಾಗೆಯೇ, ಶೇರ್ಡ್ ಪಾಯಿಂಟರ್‌ನ ಎಣಿಕೆ ಥ್ರೆಡ್‌ಗಳ ನಡುವೆ ಸುರಕ್ಷಿತ, ಅದರೊಳಗಿನ ಆಬ್ಜೆಕ್ಟ್ ಅಲ್ಲ. ಒಂದು ಸಲಕ್ಕೆ ಒಂದೇ ಥ್ರೆಡ್ ಮುಟ್ಟುವಂತೆ ಅದಕ್ಕೆ ಬೇರೆ ಬೀಗ (ಮ್ಯೂಟೆಕ್ಸ್) ಬೇಕು. ನಾನು ಹಾಕಿರಲಿಲ್ಲ, ಈಗ ಹಾಕಿದ್ದೇನೆ.

ಸಾಗರದ ಗೆಳೆಯನೊಬ್ಬ ಕೇಳಿ ನಕ್ಕು, ರಸ್ಟ್ ಭಾಷೆಯಲ್ಲಿ ಬರೆದಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದ. ಅರ್ಧ ನಿಜ. ನನ್ನ ಎರಡನೆಯ ತಪ್ಪನ್ನು ರಸ್ಟ್ ಕಂಪೈಲರ್ ಹೊಸ್ತಿಲಲ್ಲೇ ತಡೆಯುತ್ತಿತ್ತು. ಮೊದಲನೆಯದನ್ನು ತಡೆಯುತ್ತಿರಲಿಲ್ಲ: ಅಲ್ಲಿಯೂ ‘ಆರ್ಕ್’ (ಅಲ್ಲಿನ ಶೇರ್ಡ್ ಪಾಯಿಂಟರ್) ಸುತ್ತು ಹಾಕಿಕೊಂಡರೆ ಮೆಮೊರಿ ಸೋರುತ್ತದೆ, ಅದನ್ನು ಆ ಭಾಷೆ ಅಸುರಕ್ಷಿತ ಎಂದು ಪರಿಗಣಿಸುವುದೂ ಇಲ್ಲ.

ಈಗ ಯುಪಿಎಸ್ ಇದ್ದೂ ಶನಿವಾರಗಳು ಸುಮ್ಮನೆ ಕಳೆಯುತ್ತಿವೆ. ಲಾಗ್‌ನಲ್ಲಿ ಹುಟ್ಟು ಸಾವುಗಳ ಲೆಕ್ಕ ದಿನವೂ ಸರಿಹೋಗುತ್ತದೆ. ಗುಮಾಸ್ತರು ಕೈಬರಹದ ಪುಸ್ತಕವನ್ನು ಮಾತ್ರ ಬಿಟ್ಟಿಲ್ಲ. ಬಿಡಿ ಎಂದು ಹೇಳುವ ಬಾಯಿ ನನಗೂ ಇಲ್ಲ.