ವೆಟರ್ನರಿ ಪ್ರಾಕ್ಟಿಕಲ್ ತರಬೇತಿ: ಬೀಜದ ಡಬ್ಬಿಗೆ ಪೂರ್ತಿ ಅಂಕ, ಹಸುವಿಗೆ ಅರ್ಧ

ಪಹಣಿಯಲ್ಲಿ ಅಪ್ಪನ ಹೆಸರಿದ್ದರೆ ಮಗಳಿಗೆ ಹುರುಳಿ ಯಾವುದು, ಅಲಸಂದೆ ಯಾವುದು ಅಂತ ಗೊತ್ತಿರಬೇಕು ಅಲ್ವಾ? ಗೊತ್ತಿರುವುದಿಲ್ಲ. ನನ್ನ ಮಗಳು ಹೈಸ್ಕೂಲಿನಿಂದಲೇ ಹಾಸ್ಟೆಲ್‌ನಲ್ಲಿದ್ದು ಓದಿದವಳು. ಹಸುವಿನ ಹೊಟ್ಟೆಯ ನಾಲ್ಕು ಭಾಗಗಳ ಹೆಸರು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ. ಆದರೆ ನಮ್ಮ ಕೊಟ್ಟಿಗೆಯಲ್ಲಿ ಒದೆಯುವ ಹಸು ಯಾವುದು ಅಂದರೆ ನನ್ನ ಮುಖ ನೋಡುತ್ತಾಳೆ.

ನಾವು ಹಾಸನ ಜಿಲ್ಲೆಯವರು. ಎರಡು ಹೊತ್ತೂ ಡೇರಿಗೆ ಹಾಲು ಹಾಕುವ ಮನೆ. ಮಗಳಿಗೆ ಬಿ.ವಿ.ಎಸ್ಸಿ, ಅಂದರೆ ಪಶುವೈದ್ಯರ ಪದವಿ, ಓದುವ ಆಸೆ. ರಾಜ್ಯದ ಸೀಟಿಗೆ ಸಿಇಟಿ ಬರೆಯಬೇಕು. ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಾರೆ. ಕೃಷಿಕರ ಕೋಟಾದಲ್ಲಿ ಹೋದರೆ ಪ್ರಾಕ್ಟಿಕಲ್ ಪರೀಕ್ಷೆಯೂ ಇರುತ್ತದೆ, ಅದರ ಅಂಕವೂ ಲೆಕ್ಕಕ್ಕೆ ಬರುತ್ತದೆ. ಈ ಪರೀಕ್ಷೆಗೆಂದೇ ಈಗ ಅಲ್ಲಲ್ಲಿ ತರಬೇತಿ ಶುರುವಾಗಿದೆ. ಹಾಸನದಲ್ಲಿ ಅಂಥದ್ದೊಂದಕ್ಕೆ ಮಗಳನ್ನು ಸೇರಿಸಿದೆ. ಜೊತೆಗೆ ನಾನೂ ಹೋಗಿ ಕೂತೆ. ಹೆಸರು ಹಾಕುವುದಿಲ್ಲ. ಎಲ್ಲ ಕಡೆ ಹೆಚ್ಚು ಕಡಿಮೆ ಇದೇ ನಮೂನೆ ಅಂತ ಬೇರೆ ತಾಯಂದಿರೂ ಹೇಳಿದರು. ಏನನ್ನು ನೋಡಿ ದುಡ್ಡು ಕಟ್ಟಬೇಕು ಅನ್ನುವುದನ್ನಷ್ಟೇ ಬರೆಯುತ್ತೇನೆ.

ಫೀಸು 4,000 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ಊಟದ ಬಗ್ಗೆ ಮೊದಲೇ ಹೇಳಿ ಮುಗಿಸುತ್ತೇನೆ: ಚಿತ್ರಾನ್ನ, ಮೊಸರನ್ನ, ಮರುದಿನವೂ ಚಿತ್ರಾನ್ನ, ಮೊಸರನ್ನ.

ಬೀಜ ಗುರುತಿಸುವ ಪಾಠ ಮಾತ್ರ ನಿಜವಾಗಿಯೂ ಚೆನ್ನಾಗಿತ್ತು. ಉದ್ದ ಟೇಬಲ್ ಮೇಲೆ ಸಾಲಾಗಿ ಡಬ್ಬಿಗಳು, ಮೇಲೆ ಬರೀ ನಂಬರ್. ರಾಗಿ, ನವಣೆ, ಸಾಮೆ, ಹುಚ್ಚೆಳ್ಳು, ತೊಗರಿ, ಅವರೆ. ಪಕ್ಕದಲ್ಲಿ ಕಡಲೆಕಾಯಿ ಹಿಂಡಿ, ಹತ್ತಿಬೀಜದ ಹಿಂಡಿ, ಗೋಧಿ ಬೂಸಾ, ಖನಿಜ ಮಿಶ್ರಣ. ಮೇವಿನಲ್ಲಿ ನೇಪಿಯರ್, ಗಿನಿ ಹುಲ್ಲು, ಕುದುರೆ ಮೆಂತೆ. ಒಂದು ತೊಟ್ಟಿಯಲ್ಲಿ ನೀರಿನ ಮೇಲೆ ತೇಲಿ ಬೆಳೆಯುವ ಮೇವು ಅಜೋಲಾ. ಗಂಟೆ ಹೊಡೆದ ಕೂಡಲೇ ಮುಂದಿನ ಡಬ್ಬಿಗೆ ಸರಿಯಬೇಕು, ಹೆಸರು ಬರೆಯಬೇಕು. ಮೊದಲ ಸುತ್ತಿನಲ್ಲಿ ಮಕ್ಕಳೆಲ್ಲ ನವಣೆಗೂ ಸಾಮೆಗೂ ಒದ್ದಾಡಿದರು. ಡಬ್ಬಿಯ ಜಾಗ ಬದಲಾಯಿಸಿ ಮತ್ತೆ ಮತ್ತೆ ಓಡಾಡಿಸಿದರು. ಸಂಜೆ ಹೊತ್ತಿಗೆ ನನ್ನ ಮಗಳು ಮುಟ್ಟಿ ನೋಡಿಯೇ ಹೇಳುವ ಹಾಗಾಯಿತು. ಮನೆಯಲ್ಲಿ ಇದೆಲ್ಲ ಇದ್ದರೂ ಹೀಗೆ ಕೂರಿಸಿ ಕಲಿಸಲು ನನಗೆ ಪುರುಸೊತ್ತೆಲ್ಲಿ?

ಇನ್ನು ಸಲಕರಣೆಗಳು. ಇದನ್ನು ಹೇಳಿಕೊಟ್ಟವರು ಪಶುಪಾಲನಾ ಇಲಾಖೆಯಲ್ಲಿದ್ದು ರಿಟೈರ್ ಆದ ಒಬ್ಬ ಹಿರಿಯರು. ಪ್ರತಿ ವಸ್ತುವನ್ನೂ ಮಕ್ಕಳ ಕೈಗೆ ಕೊಟ್ಟು ತೂಕ ನೋಡಿಸಿದರು. ಹೊಟ್ಟೆ ಉಬ್ಬರಿಸಿ ಹಸು ಉಸಿರಾಡಲಾಗದೆ ಒದ್ದಾಡುವಾಗ ಚುಚ್ಚುವ ಟ್ರೋಕಾರ್ ತೋರಿಸಿ, "ಎಡಗಡೆಗೇ ಯಾಕೆ ಚುಚ್ಚಬೇಕು?" ಅಂತ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ದೊಡ್ಡ ಹೊಟ್ಟೆ, ಅಂದರೆ ರೂಮೆನ್, ಎಡಕ್ಕಿರುತ್ತದೆ ಅಂತ ಪುಸ್ತಕದಲ್ಲಿ ಓದಿದ್ದನ್ನು ನನ್ನ ಮಗಳು ಆಗ ನೆನಪು ಮಾಡಿಕೊಂಡು ಹೇಳಿದಳು. ಚರ್ಮ ಕೊಯ್ಯದೆ ಹೋರಿಯ ವೃಷಣದ ನಾಳ ಜಜ್ಜಿ ಬೀಜ ಒಡೆಯುವ ಬರ್ಡಿಜೊ, ಹಾಲಿಗೆ ನೀರು ಬೆರೆಸಿದೆಯಾ ಅಂತ ನೋಡುವ ಲ್ಯಾಕ್ಟೋಮೀಟರ್, ಹಸುವಿಗೆ ಗಬ್ಬ ಕಟ್ಟಿಸುವ ವೀರ್ಯದ ಕಡ್ಡಿ ಇಡುವ ದ್ರವ ಸಾರಜನಕದ ಜಾಡಿ ಎಲ್ಲವೂ ಇದ್ದವು. ಜಾಡಿಯೊಳಗೆ ಮೈನಸ್ 196 ಡಿಗ್ರಿ ಅಂದಾಗ ಹುಡುಗರು ಹಿಂದಕ್ಕೆ ಸರಿದರು. ಜಾಡಿ ಖಾಲಿ ಇತ್ತು, ಅದು ಬೇರೆ ಮಾತು. ಹಸುವಿನ ಗುದದಲ್ಲಿಡುವ ಥರ್ಮಾಮೀಟರಿಗೆ ದಾರ ಕಟ್ಟಿ, ಕ್ಲಿಪ್ ಹಾಕಿ ಬಾಲಕ್ಕೆ ಸಿಕ್ಕಿಸುವುದನ್ನೂ ತೋರಿಸಿದರು. ಅದು ಒಳಗೆ ಹೋಗಿಬಿಟ್ಟರೆ ಏನು ಗತಿ ಅಂತ ಹೇಳುವಾಗ ಅವರ ಅನುಭವ ಕಾಣುತ್ತಿತ್ತು.

ತಕರಾರು ಶುರುವಾಗುವುದು ತಳಿಗಳ ಪಾಠದಿಂದ. ಅದನ್ನು ನಡೆಸಿದವನು ಒಬ್ಬ ಯುವಕ, ಕೈಯಲ್ಲಿ ಲ್ಯಾಪ್‌ಟಾಪ್. ಪರದೆಯ ಮೇಲೆ ಫೋಟೋ ಬರುತ್ತದೆ, ಹೋಗುತ್ತದೆ. ಹಳ್ಳಿಕಾರ್, ಅಮೃತಮಹಲ್, ಖಿಲ್ಲಾರಿ, ದೇವಣಿ, ಕೃಷ್ಣಾ ವ್ಯಾಲಿ, ಮಲ್ನಾಡ್ ಗಿಡ್ಡ. ಹಳ್ಳಿಕಾರ್‌ಗೂ ಅಮೃತಮಹಲ್‌ಗೂ ಏನು ವ್ಯತ್ಯಾಸ ಅಂತ ಒಬ್ಬ ಹುಡುಗ ಕೇಳಿದ. "ಕೊಂಬು ನೋಡಿ" ಅಂದ, ಮುಂದಿನ ಫೋಟೋಗೆ ಹೋದ. ಕೊಂಬಿನಲ್ಲಿ ಏನು ನೋಡಬೇಕಪ್ಪಾ? ಎರಡರ ಕೊಂಬೂ ಹಿಂದಕ್ಕೇ ಬಾಗಿರುತ್ತವೆ. ಅಮೃತಮಹಲ್ ತಳಿ ಬಂದದ್ದೇ ಹಳ್ಳಿಕಾರ್‌ನಿಂದ ಅಂತ ಒಂದು ಮಾತು ಹೇಳಿದ್ದರೂ ಮಕ್ಕಳಿಗೆ ಗೊಂದಲ ಯಾಕಾಗುತ್ತದೆ ಅಂತ ತಿಳಿಯುತ್ತಿತ್ತು.

ಕೊಟ್ಟ ಪುಸ್ತಕ ಜೆರಾಕ್ಸ್, ಕಪ್ಪು ಬಿಳುಪು. ಕೆಂಗುರಿ ಅಂತ ಬರೆದು ಕೆಳಗೆ ಕಪ್ಪು ಕುರಿಯ ಚಿತ್ರ! ಹೆಸರಲ್ಲೇ ಕೆಂಪು ಇರುವ ಕುರಿಯನ್ನು ಹೀಗೆ ಅಚ್ಚು ಹಾಕಿದವರಿಗೆ ಏನು ಹೇಳುವುದು? ದೇವಣಿಯ ಮೈಮೇಲಿನ ಮಚ್ಚೆ ಯಾವುದು, ಜೆರಾಕ್ಸ್ ಮಸಿ ಯಾವುದು ಅಂತ ಗೊತ್ತಾಗಲಿಲ್ಲ. 4,000 ತೆಗೆದುಕೊಂಡವರು ಎಂಟು ಪುಟ ಕಲರ್ ಹಾಕಿಸಬಹುದಿತ್ತು.

ಹಸು ಅಂತ ತಂದದ್ದು ಒಂದೇ ಒಂದು ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯದ್ದು. ಸುತ್ತ ಅಷ್ಟೂ ಮಕ್ಕಳು. ಮುಂದಿದ್ದವರು ಮುಟ್ಟಿದರು, ಹಿಂದಿದ್ದವರು ಮೊಬೈಲ್‌ನಲ್ಲಿ ವಿಡಿಯೋ ಮಾಡಿದರು. ಹಲ್ಲು ನೋಡಿ ವಯಸ್ಸು ಹೇಳುವುದನ್ನು ಚಾರ್ಟಿನಲ್ಲೇ ಮುಗಿಸಲು ಹೊರಟಿದ್ದರು. ಮೇಲೆ ಮುಂದಿನ ಹಲ್ಲೇ ಇಲ್ಲ, ಕೆಳಗೆ ಎಂಟು, ಎರಡು ವರ್ಷದ ಹೊತ್ತಿಗೆ ಮೊದಲ ಜೋಡಿ ದೊಡ್ಡ ಹಲ್ಲು ಬರುತ್ತದೆ. ಜಾತ್ರೆಯಲ್ಲಿ ನಾವು ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿಗೂಡಿದೆ ಅನ್ನುವುದು ಇದನ್ನೇ. "ಬಾಯಿ ಬಿಡಿಸಿ ತೋರಿಸಿ ಸಾರ್" ಅಂದೆ. "ಅಮ್ಮಾ, ನೀವು ಪೋಷಕರು ಆ ಕಡೆ ಕೂತ್ಕೊಳಿ" ಅಂದ ಆ ಲ್ಯಾಪ್‌ಟಾಪ್ ಯುವಕ.

ಹಿರಿಯರು ಸುಮ್ಮನಿರಲಿಲ್ಲ. "ಏನಮ್ಮಾ, ನಿಮ್ಮನೇಲಿ ಕರೆಯೋರು ಯಾರು?" ಅಂತ ಕೇಳಿದರು. ನಾನೇ ಅಂದೆ. "ಹಂಗಾದ್ರೆ ಬನ್ನಿ ಇಲ್ಲಿ" ಅಂತ ಕರೆದು ಹಾಲು ಕರೆದು ತೋರಿಸಲು ಹೇಳಿದರು. ಹೆಬ್ಬೆರಳು ಮಡಚಿ ಕರೆದರೆ ಮೊಲೆ ತೊಟ್ಟಿಗೆ ಪೆಟ್ಟು, ಕೆಚ್ಚಲು ಬಾವು ಬರಲು ದಾರಿ. ಪೂರ್ತಿ ಮುಷ್ಟಿಯಲ್ಲಿ ಹಿಡಿದು ಕರೆಯಬೇಕು. ಮೊದಲು ಹಸುವಿನ ಜೊತೆ ಎರಡು ಮಾತಾಡಿ, ಬೆನ್ನು ಸವರಿ, ಕೆಚ್ಚಲು ತೊಳೆದು, ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಹಿಂಡಿ ಗಂಟು ಇದೆಯಾ ನೋಡಬೇಕು. ಆಮೇಲೆ ಅವರೇ ಹಸುವಿನ ಬಾಯಿ ಬಿಡಿಸಿ ಒಬ್ಬೊಬ್ಬರನ್ನೇ ಕರೆದು ಹಲ್ಲು ಎಣಿಸಿದರು. ಇಡೀ ತರಬೇತಿಯಲ್ಲಿ ಮಕ್ಕಳ ಮುಖ ಅರಳಿದ್ದು ಆ ಹೊತ್ತಿಗೆ.

ಯುವಕನ ಪಾಠ ಪೂರ್ತಿ ದಂಡ ಅನ್ನಲಾರೆ. ಗಬ್ಬದ ಲೆಕ್ಕವನ್ನು ಬಾಯಿಪಾಠ ಮಾಡಿಸಿದ: ಹಸು 280 ದಿನ, ಎಮ್ಮೆ 310, ಕುರಿ ಮೇಕೆ 150, ಹಂದಿ 114. ಹಸುವಿಗೆ ಬೆದೆ 21 ದಿನಕ್ಕೊಮ್ಮೆ. ಹಸುವಿಗೆ ಒಂಬತ್ತು ತಿಂಗಳು ಒಂಬತ್ತು ದಿನ ಅಂತ ನಮ್ಮತ್ತೆ ಹೇಳುತ್ತಿದ್ದದ್ದೂ ಸುಮಾರು ಅಷ್ಟೇ ಆಗುತ್ತದೆ.

ಗೇಟಿನ ಮೇಲೆ "ಸೀಟು ಗ್ಯಾರಂಟಿ" ಬೋರ್ಡು ಇತ್ತು. ಅದನ್ನು ನಂಬಬೇಡಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗ, ಅಥಣಿ, ಯಾವ ಕಾಲೇಜಿನ ಸೀಟೂ ಇವರ ಕೈಯಲ್ಲಿಲ್ಲ. ಇನ್ನೂ ಒಂದು ಬೇಸರ: ಕಾಗದಪತ್ರದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಕೃಷಿಕರ ಪ್ರಮಾಣಪತ್ರ ಇಲ್ಲದಿದ್ದರೆ ಬೀಜ ಗುರುತಿಸಿ ಏನು ಬಂತು? ಶೇಕಡಾ 15 ಸೀಟು ಅಖಿಲ ಭಾರತ ಕೋಟಾಗೆ ಹೋಗುತ್ತದೆ, ಅದಕ್ಕೆ ನೀಟ್ ಬರೆದಿರಬೇಕು, ಅರ್ಜಿಯೂ ಬೇರೆ. ಇದನ್ನೂ ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಅರಸೀಕೆರೆ ಕಡೆಯ ತಾಯಿಗೆ ನಾನೇ ಹೇಳಿದೆ.

5ಕ್ಕೆ 3 ಕೊಡುತ್ತೇನೆ. ಆ 3ರಲ್ಲಿ ಎರಡು ಹಿರಿಯರಿಗೆ, ಒಂದು ಡಬ್ಬಿಗಳಿಗೆ. ಮನೆಯಲ್ಲಿ ದನ ಇದ್ದು, ಮಗು ರಜೆಯಲ್ಲಾದರೂ ಕೊಟ್ಟಿಗೆಗೆ ಬರುತ್ತಿದ್ದರೆ ಈ ದುಡ್ಡು ಜಾಸ್ತಿಯೇ. ಬೀಜವನ್ನು ಅಂಗಡಿಯಿಂದ ಹಿಡಿ ಹಿಡಿ ತಂದು ಡಬ್ಬಿಗೆ ಹಾಕಿ, ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡು ನಾಲ್ಕು ದಿನ ಬೆಳಿಗ್ಗೆ ಮಗುವನ್ನು ನಿಲ್ಲಿಸಿ. ಮಗು ಪೂರ್ತಿ ಹಾಸ್ಟೆಲ್ ಮಗುವಾಗಿದ್ದರೆ ಸೇರಿಸಿ. ಆದರೆ ಫೋನ್ ಮಾಡಿದಾಗ ಮೂರು ವಿಷಯ ಕೇಳಿ: ಹಸು ಎಷ್ಟು ತರುತ್ತೀರಿ, ಪುಸ್ತಕ ಕಲರಾ, ಇಲಾಖೆಯಲ್ಲಿದ್ದ ಸಾರ್ ಯಾವ ದಿನ ಬರುತ್ತಾರೆ. ಅವರು ಬರುವ ದಿನಕ್ಕೆ ಮಾತ್ರ ಅರ್ಧ ಫೀಸು ಕಟ್ಟುತ್ತೇನೆ ಅಂತ ಚೌಕಾಸಿ ಮಾಡಿದರೆ ಒಪ್ಪುತ್ತಾರೆ. ಅರಸೀಕೆರೆಯ ಆ ತಾಯಿ ಹಾಗೇ ಕಟ್ಟಿ ಬಂದಿದ್ದರು.